ಖಾಲಿ ಊರಿಗೆ ಸಾರಿದ ಸುದ್ದಿ

"ಹೆಣ್ಣು ದನಿ, ಅಕ್ಕಾ. ಎಷ್ಟು ಸಲ ಹೇಳ್ಲಿ? ಹೆಣ್ಣು ದನಿ."

ಪಟ್ಟಣ ಪಂಚಾಯಿತಿಯ ಮುಂದೆ ನಿಂತ ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಪ್ರಬುದ್ಧನ ಎರಡೂ ಕೈಗಳನ್ನು ಹಗ್ಗದಿಂದ ಬಿಗಿದಿದ್ದರು. ಠಾಣೆಯ ಬೇಡಿಯ ಕೀಲಿ ಕಳೆದಿತ್ತಂತೆ. ಅದಕ್ಕೆ ಎಮ್ಮೆ ಕಟ್ಟುವ ಹಗ್ಗ. ಕ್ರಾಂತಿ ಅದನ್ನು ನೋಡಬಾರದೆಂದು ಮುಖ ಆಚೆ ತಿರುಗಿಸಿದಳು. ಕಣ್ಣು ಮತ್ತೆ ಅಲ್ಲಿಗೇ ಬಂತು.

"ಮೆಲ್ಲಕ ಮಾತಾಡೋ. ಮೊದ್ಲಿಂದ ಹೇಳು. ಪೊಲೀಸ್ರಿಗೆ ಹೇಳಿದಂಗ ಅಲ್ಲ, ನನಗ ಹೇಳು."

"ಮಧ್ಯಾಹ್ನ ಊಟದ ಹೊತ್ತು. ನಾ ಮ್ಯಾಲಿನ ನೀರಿನ ಟಾಕಿ ಹತ್ರ ವಾಲ್ ತಿರುವ್ತಿದ್ದೆ. ಬತೇರಿ ಮೈಕಿನಾಗ ಜಂಬಯ್ಯಜ್ಜ ಚಾಲೂ ಮಾಡಿದ. 'ಕೆಂಚಿಕೋಟೆ ಪಟ್ಟಣದ ಸಮಸ್ತ ನಾಗರಿಕರ ಗಮನಕ್ಕೆ' ಅಂದ. ಊರಾಗ ಒಂದು ನಾಯಿ ಸೈತ ಇಲ್ಲ, ಯಾರ ಗಮನಕ್ಕಪಾ ಅಂತ ನನಗ ನಗು ಬಂತು. ಗುಡ್ಡ, ಕಲ್ಲು, ಗುತ್ತಿಗಿ ಅಂತ ಏನೋ ಓದಿದ. ನಡಬರಕ ನಿಂತುಬಿಟ್ಟ."

"ಆಮ್ಯಾಲ?"

"ಮೈಕಿನಾಗ ಗರಗರ ಸಪ್ಪಳ. ಏನೋ ಬಿದ್ದಂಗ. ಸ್ವಲ್ಪ ಹೊತ್ತು ಬಿಟ್ಟು ಒಬ್ಬಾಕಿ ಹೆಣ್ಮಗಳು ಅದನ್ನ ಮೊದ್ಲಿಂದ ಕಡೀತನಕ ಓದಿದ್ಲು. ಪಸಂದ್ ಓದಿದ್ಲಕ್ಕಾ, ರೇಡಿಯೋದಾಗ ಓದಿದಂಗ."

"ಯಾರ ದನಿ ಅದು?"

"ಗೊತ್ತಿದ್ರ ಇಲ್ಲಿ ಯಾಕ ಕುಂದ್ರತಿದ್ದೆ? ಈ ಊರಾಗ ಆ ದನಿ ನಾ ಯಾವತ್ತೂ ಕೇಳೇ ಇಲ್ಲ."

ಅದೇ ತೊಡಕು. ಪೊಲೀಸರು ನಕ್ಕಿದ್ದೂ ಅದಕ್ಕೇ. ಮಂಗಳವಾರ ಕೆಂಚಿಕೋಟೆಯಲ್ಲಿ ಹೆಂಗಸರೇ ಇರಲಿಲ್ಲ. ಗಂಡಸರೂ ಇರಲಿಲ್ಲ. ಮಂಗಳವಾರ ಹೊರಬೀಡು.

ಮಳೆ ಹಿಡಿಯುವ ಮೊದಲು ಒಂದು ದಿನ ಈ ಗುಡ್ಡದ ಊರು ಒಲೆ ಆರಿಸಿ, ಮನೆಗಳಿಗೆ ಬೀಗ ಜಡಿದು, ದನಕರು ಸಮೇತ ಕೋಟೆ ಇಳಿಯುತ್ತದೆ. ಗುಡ್ಡದಾಚೆ, ಊರಿನ ಸದ್ದು ತಲುಪದ ಹೊಲಗಳಲ್ಲಿ ಬೀಡು ಬಿಟ್ಟು ಅಲ್ಲೇ ಅಟ್ಟು ಉಣ್ಣುತ್ತದೆ. ಆ ದಿನ ಊರು ದೇವಿ ಕೋಟೆಮ್ಮನದು, ಮನುಷ್ಯರು ಇರಕೂಡದು. ಹೊತ್ತು ಮುಳುಗಿದ ಮೇಲೆ ಹೊಸ ಬೆಂಕಿ ಹಿಡಿದು ಎಲ್ಲರೂ ಹತ್ತಿ ಬರಬೇಕು.

ಹಾಗೆ ಹತ್ತಿ ಬಂದ ಊರಿಗೆ ಬತೇರಿಯ, ಎಂದರೆ ಕೋಟೆಯ ಕಾವಲು ಬುರುಜಿನ, ಮೆಟ್ಟಿಲ ಬುಡದಲ್ಲಿ ಜಂಬಯ್ಯನ ಹೆಣ ಸಿಕ್ಕಿತ್ತು. ತಲೆ ಒಡೆದಿತ್ತು.

ಜಂಬಯ್ಯನೆಂದರೆ ಪಟ್ಟಣ ಪಂಚಾಯಿತಿಯ ಗಂಟಲು. ನಲ್ಲಿ ನೀರು ಬಿಡುವ ಹೊತ್ತು, ಕಂದಾಯ ಕಟ್ಟುವ ಕೊನೆಯ ದಿನ, ಮಕ್ಕಳ ಪೋಲಿಯೋ ಹನಿ, ಯಾರದೋ ಸಾವು, ಯಾರದೋ ಕಳೆದ ಮೇಕೆ, ಊರಿಗೆ ಯಾವ ಸುದ್ದಿ ಬಂದರೂ ಅವನ ಬಾಯಿಂದಲೇ ಬತೇರಿಯ ಹಾರ್ನಿಗೆ, ಅಲ್ಲಿಂದ ಊರಿಗೆ. ಅವನು ಸತ್ತ ಸುದ್ದಿಯನ್ನು ಸಾರಲು ಮಾತ್ರ ಯಾರೂ ಇರಲಿಲ್ಲ. ಕ್ರಾಂತಿಯೇ ತನ್ನ ಮೊಬೈಲ್ ಚಾನೆಲ್ಲಿನಲ್ಲಿ ಹಾಕಿದ್ದಳು. 'ಕೋಟೆ ಸುದ್ದಿ' ಅವಳದು. ಅವಳೇ ಬರೆಯುವವಳು, ಅವಳೇ ಓದುವವಳು, ಬೈಸಿಕೊಳ್ಳುವವಳೂ ಅವಳೇ.

ಪ್ರಬುದ್ಧ ಅವಳಿಗಿಂತ ಹತ್ತು ವರ್ಷ ಚಿಕ್ಕ ತಮ್ಮ, ಪಂಚಾಯಿತಿಯ ನೀರುಗಂಟಿ. ಅವರಪ್ಪ ಬುದ್ಧನಿಗೆ ಕೈಮುಗಿದ ವರ್ಷವೇ ಆ ಮನೆಯವರು ಹೊರಬೀಡು ಆಚರಿಸುವುದನ್ನು ನಿಲ್ಲಿಸಿದ್ದರು. ಊರಿಗೂ ಅದು ಅನುಕೂಲವೇ ಆಯಿತು. ಸಂಜೆ ಹತ್ತಿ ಬಂದವರಿಗೆ ನೀರು ಬೇಕು. ನೀರು ತುಂಬಿಡಲು ಊರೊಳಗೆ ಒಬ್ಬ ಬೇಕು. ಆ ಒಬ್ಬ ದೇವಿಯ ಲೆಕ್ಕದಲ್ಲಿ ಮನುಷ್ಯನಲ್ಲ. ಪೊಲೀಸರ ಲೆಕ್ಕದಲ್ಲಿ ಮಾತ್ರ ಅವನೊಬ್ಬನೇ ಮನುಷ್ಯ. ಹಿಂದಿನ ದಿನ ನೀರಿನ ಪಾಳಿಯ ವಿಷಯಕ್ಕೆ ಜಂಬಯ್ಯನ ಜೊತೆ ಬಾಯಿ ಮಾಡಿದ್ದನಂತೆ. ಸಾಕಲ್ಲ, ಕೊಲೆಗಾರ ಸಿಕ್ಕ.

"ಏಯ್, ಸಾಕಮ್ಮಾ. ಸರಿ ಆಚೆ."

ಪಿಎಸ್‌ಐ ರಾಮಾಂಜನೇಯ ಬೇವಿನ ಮರದ ಕಟ್ಟೆಯಿಂದ ಎದ್ದು ಬಂದ. ಹೊಟ್ಟೆ ಮುಂದೆ, ಅವನು ಹಿಂದೆ.

"ಬತೇರಿ ಹತ್ರ ಮಹಜರು ಮುಗೀತು. ಈ ಸಭಾದ ಬಂದೋಬಸ್ತ್ ಒಂದು ಐತಿ. ಮುಗಿದ ಕೂಡ್ಲೇ ಇವನ್ನ ಹರಪನಹಳ್ಳಿ ಕೋರ್ಟಿಗೆ ಹಾಜರು ಮಾಡ್ತೀನಿ. ಅಲ್ಲಿಂದ ಸೀದಾ ಜೈಲು. ಏನು ಹೇಳಾದೈತಿ, ವಕೀಲರ ಕಡಿಂದ ಹೇಳ್ಸು."

"ಅವ ಹೇಳಿದ ಹೆಣ್ಮಗಳನ್ನ ಹುಡುಕಿದ್ರೇನ್ರಿ?"

"ಎಲ್ಲೆಂತ ಹುಡುಕ್ಲಿ?" ರಾಮಾಂಜನೇಯ ನಕ್ಕ. "ಈ ಕೋಟಿಗೆ ಇರೋದು ಒಂದ ಅಗಸಿ. ಖಾಲಿ ಊರಿಗೆ ಕಳ್ಳರು ಹೊಕ್ಕಾರಂತ ಮುಂಜಾನಿಂದ ಹೊತ್ತು ಮುಳುಗೋತನಕ ಅಗಸಿ ಬಾಗಿಲಾಗ ಕುರ್ಚಿ ಹಾಕ್ಕೊಂಡು ನಾನ ಕುಂತಿದ್ದೆ. ಒಂದು ನೊಣ ಒಳಗ ಹೋಗಿಲ್ಲ. ಹೆಣ್ಮಗಳಂತ, ಹೆಣ್ಮಗಳು."

"ಮತ್ತ ಜಂಬಯ್ಯಜ್ಜ?"

"ಮುದುಕ ಊರು ಬಿಟ್ಟು ಇಳಿದಿರಲಿಲ್ಲ. ಒಳಗ ಉಳಿದಿದ್ದ. ನಿನ್ನ ತಮ್ಮನ ಕೈಗೆ ಸಿಕ್ಕ."

ಪ್ರಬುದ್ಧ ಹಲ್ಲು ಕಚ್ಚಿದ. ಕ್ರಾಂತಿ ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ಸಭಾ ಮುಗಿಯೋದ್ರಾಗ ಆಕಿ ಯಾರಂತ ತಿಳಕೊಂಡು ಬರ್ತೀನಿ."

"ತಿಳೀಲಿಲ್ಲಂದ್ರ?"

ಒಮ್ಮೆ ಜೈಲಿನ ಬಾಗಿಲು ದಾಟಿದರೆ ಈ ಕೇರಿಯ ಹುಡುಗನನ್ನು ಹೊರಗೆ ತರುವುದು ಎಂಥ ಕೆಲಸವೆಂದು ಇಬ್ಬರಿಗೂ ಗೊತ್ತಿತ್ತು. ಕಾಯಂ ನೌಕರಿ ಮೊದಲು ಹೋಗುತ್ತದೆ. ಮರ್ಯಾದೆ ಆಮೇಲೆ. ತೀರ್ಪು ಬರುವ ಹೊತ್ತಿಗೆ ತಲೆ ನರೆತಿರುತ್ತದೆ.

ಅವಳು ಸಭಾಂಗಣದ ಮೆಟ್ಟಿಲು ಹತ್ತಿದಳು.

*

ಪಟ್ಟಣ ಪಂಚಾಯಿತಿಯ ವಿಶೇಷ ಸಭೆ. ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನಡುವಿನ ಎತ್ತರದ ಕುರ್ಚಿಯಲ್ಲಿ ಅಧ್ಯಕ್ಷೆ ಗೀತಾಂಜಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಕೊಟ್ರಸ್ವಾಮಿ. ಕಾನೂನಿನಲ್ಲಿ ಅವನಿಗೆ ಆ ಕುರ್ಚಿಯಿಲ್ಲ. ಊರಿನಲ್ಲಿ ಅವನಿಗಿಲ್ಲದ ಕುರ್ಚಿಯಿಲ್ಲ.

ಅಧ್ಯಕ್ಷ ಸ್ಥಾನ ಮಹಿಳಾ ಮೀಸಲಾತಿಗೆ ಬಂದಾಗ ಅವನು ಹೆಂಡತಿಯನ್ನು ನಿಲ್ಲಿಸಿದ, ಗೆಲ್ಲಿಸಿದ, ಕೂರಿಸಿದ. ಮಾತಾಡಲು ಮಾತ್ರ ಬಿಡಲಿಲ್ಲ. ಸ್ವಾತಂತ್ರ್ಯ ದಿನದ ಭಾಷಣವೂ ಅವನದೇ. ಅಧ್ಯಕ್ಷೆಯ ದನಿ ಹೇಗಿದೆಯೆಂದು ಊರಿಗೆ ಗೊತ್ತಿಲ್ಲ.

ಮೇಜಿನ ಮೇಲೆ ಮೈಕು. ಸಭೆಯಲ್ಲಿ ಏನು ನಡೆಯುತ್ತದೆಂದು ಊರಿಗೂ ಕೇಳಲಿ ಎಂದು ಜಂಬಯ್ಯ ಕೊಸರಾಡಿ ಅದರ ವೈರನ್ನು ಬತೇರಿಯ ಹಾರ್ನಿನವರೆಗೆ ಎಳೆಸಿದ್ದ. ವೈರು ಇತ್ತು. ಗುಂಡಿ ಒತ್ತುವವರಿರಲಿಲ್ಲ.

ಮುಖ್ಯಾಧಿಕಾರಿ ಹೊರಗಿನವರು, ಹೊಸದಾಗಿ ಬಂದವರು. ಓದತೊಡಗಿದರು.

"ಕೋಟೆಗುಡ್ಡದ ಹಿಂಬದಿಯ ಪ್ರದೇಶವನ್ನು ಕಲ್ಲುಗಣಿ ಗುತ್ತಿಗೆಗೆ ನೀಡುವ ವಿಷಯ. ಧ್ವನಿವರ್ಧಕದ ಮೂಲಕ ಸಾರ್ವಜನಿಕ ಪ್ರಚಾರ ಮಾಡಿ ಆಕ್ಷೇಪಣೆ ಕರೆಯಲಾಗಿತ್ತು. ಇದುವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ಈಗಲೂ ಹೇಳುವವರಿದ್ದರೆ ಹೇಳಬಹುದು. ಇಲ್ಲವಾದರೆ ಮಂಜೂರು."

"ಮಂಜೂರು," ಎಂದ ಕೊಟ್ರಸ್ವಾಮಿ. ಅವನಿಗೆ ಮತವಿಲ್ಲ.

"ಒಂದು ನಿಮಿಷ ಸರ್." ಕ್ರಾಂತಿ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಳು. "ಯಾವತ್ತು ಪ್ರಚಾರ ಮಾಡಿದ್ರಿ?"

"ಪತ್ರಕರ್ತರು ಕೂತಿರಬೇಕು, ಮಾತಾಡುವಂತಿಲ್ಲ."

"ನಾ ಪತ್ರಕರ್ತೆ ಆಗಿ ಕೇಳವಲ್ಲೆ. ಈ ಊರಾಗ ಕಂದಾಯ ಕಟ್ಟಾಕಿ ಆಗಿ ಕೇಳ್ತೀನಿ. ಯಾವತ್ತು?"

ಮುಖ್ಯಾಧಿಕಾರಿ ಕನ್ನಡಕ ಸರಿಪಡಿಸಿಕೊಂಡರು. "ಮಂಗಳವಾರ ಮಧ್ಯಾಹ್ನ."

ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನ ಒಬ್ಬ ಸದಸ್ಯ ಪಕ್ಕದವನಿಗೆ ಎಲ್ಲರಿಗೂ ಕೇಳುವಂತೆ ಹೇಳಿದ, "ಮಂಗಳವಾರ ಹೊರಬೀಡಲ್ಲೇನಲೇ?"

"ಈ ಊರಿನ ಆಚರಣೆ ನನಗೆ ಗೊತ್ತಿರಲಿಲ್ಲ," ಎಂದರು ಮುಖ್ಯಾಧಿಕಾರಿ. "ದಿನ ಗೊತ್ತು ಮಾಡಿಕೊಟ್ಟವರು ಇವರು." ಅವರ ಬೆರಳು ಕೊಟ್ರಸ್ವಾಮಿಯ ಕಡೆ ಹೋಗಿ, ಅರ್ಧದಲ್ಲಿ ಮಡಚಿಕೊಂಡಿತು.

ಕ್ರಾಂತಿಗೆ ಮೈ ಉರಿಯಿತು. ಗುಡ್ಡದ ಹಿಂಬದಿಯಲ್ಲೇ ಊರಿಗೆ ನೀರು ಕೊಡುವ ಹೊಂಡ. ಅಲ್ಲಿ ಕಲ್ಲು ಸಿಡಿಸಿದರೆ ಹೊಂಡ ಬಿರಿಯುತ್ತದೆ, ನೀರು ಇಂಗುತ್ತದೆ. ಗಣಿ ಕೇಳಿದವನು ಕೊಟ್ಟೂರಿನಲ್ಲಿರುವ ಕೊಟ್ರಸ್ವಾಮಿಯ ಷಡ್ಡಕ. ಊರೆಲ್ಲ ಕೇಳಬೇಕಾದ ಮಾತನ್ನು ಊರಲ್ಲಿ ಯಾರೂ ಇಲ್ಲದ ಒಂದೇ ಒಂದು ದಿನ ನೋಡಿ ಸಾರಿಸಿದ್ದರು. ಕಾನೂನೂ ಉಳಿಯಿತು, ಕಳ್ಳತನವೂ ಆಯಿತು. ಹೊರಗಿನವನಿಗೆ ಇಂಥ ಬುದ್ಧಿ ಹೊಳೆಯುವುದಿಲ್ಲ. ಇದು ಊರಿನ ಮಗನೇ ಊರಿಗೆ ಮಾಡಬಲ್ಲ ದ್ರೋಹ.

"ಯಾರು ಕೇಳಿದ್ರು ಆ ಪ್ರಚಾರ?" ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಇಲ್ಲಿ ಕುಂತವ್ರು ಯಾರಾದ್ರು ಕೇಳಿದ್ರೇನು? ನೀವು ಕೇಳಿದ್ರೇನ್ರಿ, ಕೊಟ್ರಸ್ವಾಮೇರ?"

ಇದು ಅವಳು ಹೆಣೆದಿದ್ದ ಉರುಳು. ಕೇಳಿದೆ ಎಂದರೆ ಜಂಬಯ್ಯ ಸತ್ತ ಹೊತ್ತಿಗೆ ಅವನು ಊರೊಳಗಿದ್ದ ಎಂದಾಯಿತು. ಕೇಳಲಿಲ್ಲ ಎಂದರೆ ಪ್ರಚಾರ ಸುಳ್ಳಾಯಿತು, ಗಣಿ ಬಿತ್ತು.

ಕೊಟ್ರಸ್ವಾಮಿ ಮೀಸೆಯಡಿ ನಕ್ಕ.

"ಕುಂದ್ರು ತಂಗೀ. ಬಿಸಲಾಗ ಬಂದಿ, ಒಂದು ಗುಟುಕು ನೀರು ಕುಡಿ. ಕೇಳಿದವ್ರು ಯಾರಂತ ನನ್ನ ಯಾಕ ಕೇಳ್ತಿ? ನಿನ್ನ ತಮ್ಮ ಕೇಳ್ಯಾನಲ್ಲ. ಪೊಲೀಸ್ರ ಮುಂದ ತಾನಾಗೇ ಹೇಳ್ಯಾನ. ಊರಾಗ ಒಬ್ಬ ಕೇಳಿದ್ರೂ ಪ್ರಚಾರ ಪ್ರಚಾರನ. ಹೌದಲ್ರಿ ಸಾಹೇಬ್ರ?"

ಮುಖ್ಯಾಧಿಕಾರಿ ಕಡತದ ಹಾಳೆ ತಿರುವಿದರು.

"ಅವ ಕೇಳಿದ್ದು ಹೆಣ್ಣು ದನಿ," ಎಂದಳು ಕ್ರಾಂತಿ. "ಅದನ್ನೂ ಒಪ್ಪಿಕೊಳ್ತೀರೇನು?"

"ಅದು ಕೊಲಿ ಮಾಡಿದವನ ಸುಳ್ಳು. ಕೋರ್ಟು ನೋಡಿಕೊಳ್ತೈತಿ."

"ಅಂದ್ರ ನನ್ನ ತಮ್ಮ ಕೇಳಿದ್ದು ನಿಮ್ಮ ಗಣಿಗೆ ಖರೇ, ಅವನ ಜೀವಕ್ಕ ಸುಳ್ಳು!"

ಒಂದಿಬ್ಬರು ನಕ್ಕರು. ಕೊಟ್ರಸ್ವಾಮಿ ನಗಲಿಲ್ಲ. ನೆರಳಿನಂತೆ ಕೂತಿದ್ದ ಗೀತಾಂಜಲಿಯ ಕೈಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

"ಜಂಬಯ್ಯಜ್ಜನ್ನ ಊರಾಗ ಉಳಿಸಿದವ್ರು ಯಾರು?" ಕ್ರಾಂತಿಯ ದನಿ ಏರಿತು. "ಅವನ ಕೈಗೆ ಆ ಹಾಳಿ ಕೊಟ್ಟವ್ರು ಯಾರು? ಅವ ಓದಾಕ ಒಲ್ಲೆ ಅಂದಾಗ ತಳ್ಳಿದವ್ರು ಯಾರು? ಅವತ್ತು ಮಧ್ಯಾಹ್ನ ನೀವೆಲ್ಲಿದ್ರಿ ಸ್ವಾಮೇರ?"

"ಇದನ್ನ ಕೇಳ್ತಿ ಅಂತ ಗೊತ್ತಿತ್ತು ನನಗ." ಅವನು ಕಿಸೆಯಿಂದ ಮೊಬೈಲ್ ತೆಗೆದ. ಗೋಡೆಯ ದೊಡ್ಡ ಟಿವಿಗೆ ಅದನ್ನು ಜೋಡಿಸಲು ಗುಮಾಸ್ತನಿಗೆ ಸನ್ನೆ ಮಾಡಿದ. "ಎಲ್ಲಿದ್ದೆ ಅಂತ ನಾ ಹೇಳಿದ್ರ ನೀ ನಂಬಾಂಗಿಲ್ಲ. ನೀನ ಹೇಳು."

ಟಿವಿಯಲ್ಲಿ ಕ್ರಾಂತಿಯ ದನಿ ಬಂತು. 'ಕೋಟೆ ಸುದ್ದಿ'. ಹೊರಬೀಡಿನ ದಿನ ಸುದ್ದಿಗೆಂದು ಅವಳೇ ಬೀಡಿಗೆ ಹೋಗಿ ಓಡಾಡಿ ತೆಗೆದ, ಅವಳೇ ಕೂಡಿಸಿ ಊರಿಗೆ ಹಂಚಿದ ವಿಡಿಯೋ.

ಬೆಳಿಗ್ಗೆ: ಕೊಟ್ರಸ್ವಾಮಿ ಗಾಡಿಯಿಂದ ಪಾತ್ರೆ ಇಳಿಸುತ್ತಿದ್ದಾನೆ. ಮಧ್ಯಾಹ್ನ: ಪಂಕ್ತಿಯ ನಡುವೆ ಬಕೀಟು ಹಿಡಿದು ಹುಗ್ಗಿ ಬಡಿಸುತ್ತಿದ್ದಾನೆ, ಒಬ್ಬ ಮುದುಕ ಸಾಕೋ ಮಾರಾಯಾ ಎಂದು ಎಲೆಗೆ ಕೈ ಅಡ್ಡ ಹಿಡಿದಿದ್ದಾನೆ. ಎಲೆ ಎತ್ತುವ ಹೊತ್ತು: ಡೊಳ್ಳಿನ ಮುಂದೆ ಟವೆಲ್ಲು ಬೀಸುತ್ತಿದ್ದಾನೆ.

"ಬೀಡು ಗುಡ್ಡದಾಚೆ, ಊರು ಮ್ಯಾಲ," ಎಂದ ಕೊಟ್ರಸ್ವಾಮಿ. "ನಾನೇನು ಹನುಮಪ್ಪ ಅಲ್ಲ, ಹಾರಿ ಹೋಗಿ ಬರಾಕ."

ಈ ಸಲ ಸಭೆ ಬಾಯಿ ತುಂಬ ನಕ್ಕಿತು.

ಕ್ರಾಂತಿ ಟಿವಿಯನ್ನೇ ನೋಡಿದಳು. ಸುಳ್ಳಲ್ಲ, ಅವನು ಅಲ್ಲೇ ಇದ್ದ. ತನ್ನ ಕೈಯ ಮೊಬೈಲೇ ಸಾಕ್ಷಿ. ಇಷ್ಟು ದಿನ ಅವನೇ ಎಂದು ಕಟ್ಟಿಕೊಂಡು ಬಂದದ್ದೆಲ್ಲ ಕಣ್ಣೆದುರೇ ಕುಸಿಯಿತು. ಕಿಟಕಿಯಾಚೆ ಬೇವಿನ ಮರ, ಮರದಡಿ ಜೀಪು. ಸಭೆ ಮುಗಿದರೆ ಅದು ಹೊರಡುತ್ತದೆ.

ಟಿವಿಯನ್ನು ಯಾರೂ ಆರಿಸಲಿಲ್ಲ. ವಿಡಿಯೋ ತನ್ನ ಪಾಡಿಗೆ ಓಡುತ್ತಿತ್ತು. ಕೊಟ್ರಸ್ವಾಮಿಯ ತಾಯಿ ಕಲ್ಯಾಣಮ್ಮ ಮೂರು ಕಲ್ಲಿನ ಒಲೆಯ ಮುಂದೆ ಒಬ್ಬಳೇ ಬೆವರುತ್ತ ಕೂತಿದ್ದಳು. ಕ್ಯಾಮೆರಾದ ಹಿಂದಿನಿಂದ ಕ್ರಾಂತಿ ಕೇಳುತ್ತಿದ್ದಳು.

"ಒಬ್ಬಾಕೀನ ಮಾಡಾಕ ಹತ್ತಿಯಲ್ಲ ಕಲ್ಯಾಣತ್ತಿ, ಅಧ್ಯಕ್ಷರು ಎಲ್ಲಿ?"

"ಆಕಿ ಹೊರಗಾಗ್ಯಾಳವ್ವ. ಅಗಾ, ಆ ಹುಣಸಿಮರದ ಹಿಂದ ದೂರ ಕುಂತಾಳ. ನೀ ಅತ್ತಾಗ ಹೋಗಬ್ಯಾಡ. ನಿನ್ನ ಡಬ್ಬಿನೂ ತಿರುವಬ್ಯಾಡ ಅತ್ತಾಗ."

ಕ್ಯಾಮೆರಾ ಮರ್ಯಾದೆಯಿಂದ ಈಚೆ ತಿರುಗಿತ್ತು. ಮುಟ್ಟಾದವಳು ಬೀಡಿನಲ್ಲೂ ದೂರ ಕೂರಬೇಕು. ಆ ಕಡೆ ಗಂಡಸು ನೋಡುವುದಿಲ್ಲ, ಹೆಂಗಸು ಹೋಗುವುದಿಲ್ಲ, ಯಾರೂ ಎರಡನೇ ಮಾತು ಕೇಳುವುದಿಲ್ಲ.

ಮುಂದಿನ ತುಣುಕು ಸಂಜೆಯದು. ಡೊಳ್ಳು, ಪಂಜು, ಧೂಳು. ಊರೆಲ್ಲ ಅಗಸಿಯ ಮುಂದೆ. ಎಲ್ಲರಿಗಿಂತ ಮುಂದೆ, ಕೋಟೆಮ್ಮನ ಹೊಸ ಬೆಂಕಿಯ ಮಡಕೆ ಹೊತ್ತು, ಹಸಿರು ಸೀರೆಯ ಗೀತಾಂಜಲಿ. ಆ ಮನೆಯ ಸೊಸೆ ಮೊದಲ ಬೆಂಕಿ ಹೊತ್ತು ಒಳಗೆ ಬಂದ ಮೇಲೆಯೇ ಊರಿನ ಒಲೆಗಳು ಹೊತ್ತಬೇಕು. ಅದು ಪದ್ಧತಿ.

"ನಿಲ್ಸು! ಅದನ್ನ ಅಲ್ಲೇ ನಿಲ್ಸು!"

ಎದ್ದವಳು ಕೊಟ್ರಮ್ಮ. ಅಗಸಿ ವಾರ್ಡಿನ ಸದಸ್ಯೆ, ಊರಿಗೇ ಹಿರಿಯಳು, ಯಾವ ಸಭೆಯಲ್ಲೂ ಎಲೆಯಡಿಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದವಳು.

"ಲೇ ಕೊಟ್ರಸ್ವಾಮಿ! ಹಗಲೆಲ್ಲ ಹೊರಗ ಕುಂತಾಕಿ ಸಂಜಿಗೆ ಅವ್ವನ ಬೆಂಕಿ ಹೆಂಗ ಹೊತ್ತಳಲೇ?"

ಹಿಂದಿನ ಸಾಲಿನವರು ಟಿವಿಯ ಕಡೆ ಕತ್ತು ಚಾಚಿದರು.

ಆಮೇಲೆ ಸಭೆ ಹೊತ್ತಿಕೊಂಡಿತು.

"ಆ ಬೆಂಕಿಲೇ ನಮ್ಮ ಮನಿ ಒಲಿ ಹಚ್ಚೀವಲ್ಲೋ!" "ಊರಿಗೆ ಊರ ಮೈಲಿಗಿ ಆತಲ್ರೋ!" "ಅಧ್ಯಕ್ಷಗಿರಿ ಸಿಕ್ರ ದೇವ್ರು ದಿಂಡ್ರು ಬ್ಯಾಡೇನು ನಿಮಗ?" ಕುರ್ಚಿಗಳು ಹಿಂದೆ ಸರಿದವು, ಒಂದು ಉರುಳಿತು. ಜಂಬಯ್ಯ ಸತ್ತಾಗ ಎರಡು ನಿಮಿಷ ಮೌನಕ್ಕೆಂದು ಎಬ್ಬಿಸಿದರೂ ಸರಿಯಾಗಿ ಏಳದ ಜನ ಈಗ ಎದ್ದು ನಿಂತಿದ್ದರು. ಮನುಷ್ಯ ಸತ್ತರೆ ಸುಮ್ಮನಿರುತ್ತಾರೆ, ಬೆಂಕಿ ಮೈಲಿಗೆಯಾದರೆ ಮೈಮೇಲೆ ಬರುತ್ತದೆ. ಇದು ಊರು.

ಕ್ರಾಂತಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಹೆಣ್ಣಿನ ಮೈ ಮೈಲಿಗೆಯಲ್ಲ, ಇದು ಮೂಢತನ ಎಂದು ಇದೇ ಊರಿನ ಕಟ್ಟೆಗಳಲ್ಲಿ ಎಷ್ಟು ಸಲ ಜಗಳಾಡಿದ್ದಳು. ಈಗಲೂ ಹೇಳಬೇಕಿತ್ತು. ತಮ್ಮನ ಕೈಯ ಹಗ್ಗ ಕಣ್ಣ ಮುಂದೆ ಬಂತು. ಮಾತನ್ನು ನುಂಗಿದಳು. ಕಹಿಯಾಗಿತ್ತು.

ಕೊಟ್ರಸ್ವಾಮಿಯ ಮುಖ ಸುಟ್ಟ ರೊಟ್ಟಿಯಂತಾಗಿತ್ತು. ಕೊಲೆಯ ಮಾತು ಬಂದಾಗ ನಕ್ಕವನು ಈಗ ನಡುಗಿದ. ಗಣಿ ಹೋದರೆ ಇನ್ನೊಂದು ಬಂದೀತು. ಕೋಟೆಮ್ಮನ ಬೆಂಕಿ ಕೆಡಿಸಿದ ಮನೆಯೆಂದಾದರೆ ಈ ಊರಿನಲ್ಲಿ ಅವನಿಗೆ ನೀರು ಕೊಡುವವರೂ ಇರುವುದಿಲ್ಲ, ಓಟು ಆಮೇಲಿನ ಮಾತು.

"ಇಲ್ಲಬೇ! ಇಲ್ಲ!" ಅವನು ಎದ್ದು ಎರಡೂ ಕೈ ಎತ್ತಿದ. "ಬೆಂಕಿ ಮೈಲಿಗಿ ಆಗಿಲ್ಲ! ಕೋಟೆಮ್ಮನ ಆಣಿ, ಆಕಿ ಅವತ್ತು ಹೊರಗ ಆಗಿರ್ಲೇ ಇಲ್ಲ!"

ಸಭೆ ತಣ್ಣಗಾಯಿತು.

"ಆಣಿ ಮಾಡೀರಿ," ಎಂದಳು ಕ್ರಾಂತಿ. ಅವಳ ದನಿ ಈಗ ಇಳಿದಿತ್ತು. "ನಂಬ್ತೀವಿ. ಹಂಗಾದ್ರ ಹುಣಸಿಮರದ ಹಿಂದ ಯಾರೂ ಇರ್ಲಿಲ್ಲ. ಮಧ್ಯಾಹ್ನ ನಿಮ್ಮ ಹೆಂಡ್ತಿ ಎಲ್ಲಿದ್ರು, ಸ್ವಾಮೇರ?"

ಅವನು ಟಿವಿ ಆರಿಸೆಂದು ಗುಮಾಸ್ತನಿಗೆ ಸನ್ನೆ ಮಾಡಿದ.

ಕ್ರಾಂತಿ ಅವನನ್ನು ಬಿಟ್ಟು ಗೀತಾಂಜಲಿಯನ್ನು ನೋಡಿದಳು. ಸೆರಗಿನೊಳಗಿನ ಆ ಮುಖ ಅವಳಿಗೆ ಹೊಸದಲ್ಲ. ಕೊಟ್ಟೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ದಿನಾ ಪ್ರಾರ್ಥನೆಯಾದ ಮೇಲೆ ಕಟ್ಟೆ ಹತ್ತಿ ಪೇಪರಿನ ಸುದ್ದಿ ಓದುತ್ತಿದ್ದವಳು ಇವಳೇ. ಪ್ರಬುದ್ಧ ಆಗ ಇನ್ನೂ ಅಂಗನವಾಡಿಯಲ್ಲಿದ್ದ. ಮೇಷ್ಟ್ರು ಅನ್ನುತ್ತಿದ್ದರು, ಈ ಹುಡುಗಿ ಓದಿದರೆ ರೇಡಿಯೋ ಕೇಳಿದಂತೆ.

ರೇಡಿಯೋದಾಗ ಓದಿದಂಗ.



"ಗೀತಾ," ಎಂದಳು ಕ್ರಾಂತಿ. ಅಧ್ಯಕ್ಷರೇ ಅನ್ನಲಿಲ್ಲ. "ಆ ಪ್ರಚಾರದ ಹಾಳಿ ಅಲ್ಲೇ ಮೇಜಿನ ಮ್ಯಾಲ ಐತಿ. ಒಂದು ಸಲ ಓದು. ಸಾಲ್ಯಾಗ ಓದ್ತಿದ್ದೆಲ್ಲ, ಹಂಗ."

"ಆಕಿ ಓದಂಗಿಲ್ಲ!" ಕೊಟ್ರಸ್ವಾಮಿ ಗುಡುಗಿದ. "ಆಕಿಗೆ ಮೈಮ್ಯಾಲ ಹುಷಾರಿಲ್ಲ."

"ಓದ್ಲಿ ಬಿಡೋ," ಎಂದಳು ಕೊಟ್ರಮ್ಮ. "ನಾವು ಓಟು ಹಾಕಿದ್ದು ಆಕಿಗೆ. ನಿನಗಲ್ಲ."

ಗೀತಾಂಜಲಿ ಸೆರಗು ಕೆಳಗೆ ಬಿಟ್ಟಳು. ಮೈಕಿನ ಗುಂಡಿ ಒತ್ತಿದಳು. ಬತೇರಿಯ ಮೇಲಿನ ಹಾರ್ನು ಕಿರ್ರೆಂದಿತು. ಜಂಬಯ್ಯ ಸತ್ತ ಮೇಲೆ ಅದು ಬಾಯಿ ತೆರೆದದ್ದು ಇದೇ ಮೊದಲು.

"ಕೆಂಚಿಕೋಟೆ ಪಟ್ಟಣದ ಸಮಸ್ತ ನಾಗರಿಕರ ಗಮನಕ್ಕೆ."

ದನಿ ಗುಡ್ಡಕ್ಕೆ ತಾಗಿ ಊರ ಮೇಲೆ ಇಳಿಯಿತು. ಸ್ಪಷ್ಟ, ತುಂಬಿದ, ಎಲ್ಲೂ ಎಡವದ ದನಿ. ಇಷ್ಟು ವರ್ಷ ಇದನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಳೋ.

ಹೊರಗಿನಿಂದ ಕೂಗು ಕೇಳಿಸಿತು. ಪ್ರಬುದ್ಧನದು.

"ಇದ ದನಿ ಅಕ್ಕಾ! ಇದ! ಇದನ್ನ ನಾ ಕೇಳಿದ್ದು!"

ಗೀತಾಂಜಲಿ ನಿಲ್ಲಿಸಲಿಲ್ಲ. "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೋಟೆಗುಡ್ಡದ ಹಿಂಬದಿಯಲ್ಲಿ ಕಲ್ಲು ತೆಗೆಯಲು ಗುತ್ತಿಗೆ..."

ಅಲ್ಲಿ ನಿಂತಳು. ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಅಜ್ಜ ಇಲ್ಲೀತನಕ ಓದಿದ." ಅವಳೀಗ ಓದುತ್ತಿರಲಿಲ್ಲ, ಮಾತಾಡುತ್ತಿದ್ದಳು. ಹಾರ್ನು ಅದನ್ನೂ ಊರಿಗೆ ಹೇಳುತ್ತಿತ್ತು. "ಆಮ್ಯಾಲ ಮೈಕು ಕೆಳಗಿಟ್ಟ. ಖಾಲಿ ಊರಿಗೆ ಸಾರಿದ್ರ ಅದು ಸುದ್ದಿ ಅಲ್ಲವ್ವ, ಕಳವು ಅಂದ. ಸಂಜಿಗೆ ಊರು ಬಂದ ಮ್ಯಾಲ ಅಗಸ್ಯಾಗ ನಿಂತು ಎಲ್ಲಾರ ಮುಂದ ಓದ್ತೀನಿ ಅಂದ."

"ಗೀತಾ! ಸಾಕು!" ಕೊಟ್ರಸ್ವಾಮಿ ಮುಂದೆ ಬಂದ. ಕೊಟ್ರಮ್ಮ ತನ್ನ ಊರುಗೋಲನ್ನು ಅಡ್ಡ ಹಿಡಿದಳು.

"ಇವ್ರ ನನ್ನ ಕಳಿಸಿದ್ದು. ಮುದುಕ ಒಲ್ಲೆ ಅಂದ್ರ ನೀ ಓದು, ನಿನ್ನ ದನಿ ಯಾರಿಗೂ ಗೊತ್ತಿಲ್ಲ ಅಂದ್ರು. ನಾ ಓದಿದ್ದು ಖರೇ. ಹೆದರಿ ಓದಿದೆ. ಅಜ್ಜ ಮೆಟ್ಟಲ ಕೆಳಗ ಬಿದ್ದಿದ್ದ, ನಾ ಮ್ಯಾಲ ನಿಂತು ಓದಿದೆ." ಅವಳು ಕ್ರಾಂತಿಯ ಕಡೆ ತಿರುಗಿದಳು. "ಆದ್ರ ಅವನ್ನ ನಾ ಮುಟ್ಟಿಲ್ಲ, ಕ್ರಾಂತಿ."

"ಮತ್ಯಾರು ಮುಟ್ಟಿದ್ರು?"

"ನೀನ ವಿಚಾರ ಮಾಡು. ನಾ ಬೀಡಿನಿಂದ ಎದ್ದು ಬಂದು ಊರೊಳಗ ಹೊಕ್ಕೆ. ಸಂಜಿಗೆ ಮುಂಚೆ ತಿರುಗಿ ಹೊರಗ ಹೋದೆ. ಅಗಸಿ ಬಾಗಿಲಾ ತಾನಾಗೇ ತೆರೀತೇನು?"

ಅಷ್ಟು ಹೊತ್ತಿಗೆ ಕೊಟ್ರಸ್ವಾಮಿ ಊರುಗೋಲು ತಳ್ಳಿ ಮೈಕಿನ ವೈರನ್ನು ಕಿತ್ತೆಸೆದ. ಹಾರ್ನು ಸತ್ತಿತು.

ಒಂದು ನೊಣ ಒಳಗ ಹೋಗಿಲ್ಲ.

ಆ ಮಾತು ಕ್ರಾಂತಿಯ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಹೇಳಿದ್ದವನ ನಗುವೂ. ಅಗಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ರಾಮಾಂಜನೇಯ. ಕೊಟ್ರಸ್ವಾಮಿಯ ಮಾತಿಗೆ ಗೀತಾಂಜಲಿಯನ್ನು ಒಳಗೆ ಬಿಟ್ಟವನು. ಒಳಗೆ ಬಿಟ್ಟು, ಅವಳ ಹಿಂದೆಯೇ ಬತೇರಿಯ ಮೆಟ್ಟಿಲು ಹತ್ತಿ ಜಂಬಯ್ಯನನ್ನು ತಳ್ಳಿದವನು. ತಮ್ಮನ ಕೈಗೆ ಬಿಗಿದ ಹಗ್ಗದ ಇನ್ನೊಂದು ತುದಿ ಈಗ ಯಾರ ಕೈಯಲ್ಲಿದೆ?

ಅವಳು ಕುರ್ಚಿಗಳನ್ನು ನೂಕಿ ಬಾಗಿಲಿಗೆ ಓಡಿದಳು.

ಜಂಬಯ್ಯ ಎಳೆಸಿದ್ದ ವೈರು ತನ್ನ ಕೆಲಸ ಮಾಡಿತ್ತು. ಒಂದು ಸಲವಾದರೂ ಸಭೆಯ ಮಾತು ಊರಿಗೆಲ್ಲ ಕೇಳಿಸಿತ್ತು. ಎಲ್ಲರಿಗಿಂತ ಚೆನ್ನಾಗಿ ಕೇಳಿಸಿದ್ದು ಮರದ ಕೆಳಗೆ ನಿಂತಿದ್ದವನಿಗೆ.

ಬೇವಿನ ಮರದಡಿ ಜೀಪಿರಲಿಲ್ಲ. ಒಬ್ಬ ಕಾನ್‌ಸ್ಟೆಬಲ್ ಕಟ್ಟೆಯ ಪಕ್ಕ ಚಹಾದ ಗ್ಲಾಸು ಹಿಡಿದು ಪೆಚ್ಚಾಗಿ ನಿಂತಿದ್ದ.

"ಎಲ್ಲಿ? ನನ್ನ ತಮ್ಮ ಎಲ್ಲಿ?"

"ಸಾಹೇಬ್ರು ಕರ್ಕೊಂಡು ಹೋದ್ರಮ್ಮ. ತಾವೇ ಜೀಪು ಹೊಡಕೊಂಡು ಹೋದ್ರು. ನೀ ಇಲ್ಲೇ ಇರು ಅಂದ್ರು ನನಗ."

"ಎಲ್ಲಿಗೆ?"

"ಕೋರ್ಟಿಗೆ ಅಂದ್ರು."

ಕ್ರಾಂತಿ ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡಿದಳು. ಹರಪನಹಳ್ಳಿಯ ದಾರಿ ಕೆಳಕ್ಕೆ ಇಳಿದು ಅಗಸಿ ದಾಟಿ ಹೋಗುತ್ತದೆ. ಅದು ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು, ಒಂದು ಕಣ ಧೂಳಿರಲಿಲ್ಲ.

ಧೂಳು ಎದ್ದಿದ್ದು ಮೇಲಕ್ಕೆ. ಬತೇರಿಯನ್ನೂ ಟಾಕಿಯನ್ನೂ ದಾಟಿ ಗುಡ್ಡದ ಹಿಂಬದಿಗೆ ಹತ್ತುವ ದಾರಿಯಲ್ಲಿ. ಗಣಿಗೆಂದು ಪರೀಕ್ಷೆಗೆ ತೋಡಿದ ಗುಂಡಿಯ ಅಂಚಿಗೆ ಹೋಗಿ ಆ ದಾರಿ ಮುಗಿಯುತ್ತದೆ. ಆರೋಪಿ ಓಡಲು ಹೋಗಿ ಬಿದ್ದು ಸತ್ತ ಅಂದರೆ ಕೇಸೂ ಅಲ್ಲೇ ಮುಗಿಯುತ್ತದೆ. ಅದರಾಚೆ ದಾರಿಯಿಲ್ಲ.